ಮಣ್ಣೆತ್ತು ಮಾಡುವ ಕೈ, ಅಕ್ಷರ ಬರೆಯುವ ಕೈ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ರೈತರ ಮನೆಗಳಲ್ಲಿ ಅಂದು ಮಣ್ಣಿನ ಎತ್ತುಗಳಿಗೆ ಪೂಜೆ. ಹಿರಿಯರು ಜೋಡೆತ್ತು ತಿದ್ದುತ್ತಿರುವಾಗ ಪಕ್ಕದಲ್ಲಿ ಕೂತ ನಾಲ್ಕು ವರ್ಷದ ಕೂಸಿನ ಕೈ ನೋಡಿ. ಮೊದಲು ಇಡೀ ಅಂಗೈಯೂರಿ ಮಣ್ಣು ನಾದುತ್ತದೆ. ಭುಜ, ಮೊಣಕೈ ಎಲ್ಲವೂ ದುಡಿಯುತ್ತವೆ. ಆಮೇಲೆ ಎರಡೂ ಅಂಗೈ ನಡುವೆ ಹೊಸೆದು ಕಾಲು ಮಾಡುತ್ತದೆ. ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಎಳೆದರೆ ಕೋಡು. ಕಣ್ಣಿಗೆಂದು ಜೋಳದ ಕಾಳು ಒತ್ತುವ ಹೊತ್ತಿಗೆ ಉಸಿರು ಬಿಗಿಹಿಡಿದಿರುತ್ತದೆ, ನಾಲಿಗೆ ತುದಿ ಹೊರಗೆ ಬಂದಿರುತ್ತದೆ.

ಮೈ ಪಳಗುವ ಕ್ರಮವೂ ಇದೇ. ತಲೆಯಿಂದ ಕಾಲಿನತ್ತ, ನಡುವಿನಿಂದ ತುದಿಯತ್ತ. ಕತ್ತು ನಿಂತ ಮೇಲೆ ಕೂರುವುದು. ಭುಜ ಗಟ್ಟಿಯಾದ ಮೇಲೆ ಬೆರಳು ಹೇಳಿದಂತೆ ಕೇಳುವುದು. ಇದಕ್ಕೆ ಒಂದೇ ಗಡುವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ಕಲಿತದ್ದು ಸುಮಾರು 8ರಿಂದ 18 ತಿಂಗಳ ನಡುವೆ. ಓಣಿಯ ಇನ್ನೊಂದು ಕೂಸಿನ ಜೊತೆ ಹೋಲಿಸಿ ತಾಯಂದಿರು ಕೊರಗುವುದು ಬೇಡ. 18 ತಿಂಗಳು ದಾಟಿದರೂ ಹೆಜ್ಜೆಯಿಡದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಬರವಣಿಗೆಗೆ ಇನ್ನೂ ಒಂದು ತೊಡಕಿದೆ. ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳಿವೆ. ಹುಟ್ಟಿದಾಗ ಅವೆಲ್ಲ ಮೆತ್ತಗಿನ ಮೃದ್ವಸ್ಥಿ; ಒಂದೊಂದಾಗಿ ಎಲುಬಾಗುತ್ತ ಹೋಗುತ್ತವೆ, ಕೊನೆಯದಕ್ಕೆ ಒಂಬತ್ತು-ಹತ್ತು ವರ್ಷವಾದರೂ ಬೇಕು. ಗೆರೆಗಳನ್ನು ನೋಡಿ ಬಿಡಿಸುವುದಕ್ಕೂ ಸರದಿಯುಂಟು: ಸುಮಾರು 3 ವರ್ಷಕ್ಕೆ ದುಂಡು, 4ಕ್ಕೆ ಕೂಡುಗೆರೆ (+), ತ್ರಿಕೋನ 5 ದಾಟಿದ ಮೇಲೆ. ನಮ್ಮ ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ‘ಅ ಆ ಇ ಈ’ ಬದಲು ‘ರ ಗ ಸ ದ ಅ’ದಿಂದ ಕಲಿಕೆ ತೊಡಗುತ್ತದೆ. ಸುತ್ತು ಹಾಕಲು ಬಂದ ಕೈಗೆ ‘ರ’ ಬೇಗ ಒಲಿಯುತ್ತದೆ, ‘ಈ’ ಒಲಿಯುವುದಿಲ್ಲ. ನಿಪ್ಪಾಣಿ, ಕಾಗವಾಡದ ಎಷ್ಟೋ ಮಕ್ಕಳ ಕಣ್ಣೆದುರು ಕನ್ನಡದ ದುಂಡಿನ ಜೊತೆಗೆ ಮರಾಠಿಯ ನೆಟ್ಟಗಿನ ಗೆರೆ, ತಲೆಗಟ್ಟುಗಳೂ ಇರುತ್ತವೆ. ಎರಡು ಲಿಪಿಗೂ ದುಡಿಯಬೇಕಾದದ್ದು ಅದೇ ಎಳೆಯ ಕೈ.

ಹೀಗಿರುವಾಗ ಮೂರು ವರ್ಷದ ಕೂಸಿನ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸುವುದು, ಎಲ್‌ಕೆಜಿಯವರಿಗೆ ಪುಟಗಟ್ಟಲೆ ಹೋಮ್‌ವರ್ಕ್ ಕೊಡುವುದು ತಪ್ಪು. ಅದರಿಂದ ಅಕ್ಷರ ಬೇಗ ಬರುವುದಿಲ್ಲ. ಪೆನ್ಸಿಲ್ ಕಂಡರೆ ಅಳು ಬರುತ್ತದೆ. ಅದೇ ಕೂಸಿಗೆ ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಕೊಡಿ. ಅವರೆಕಾಯಿ ಸುಲಿಯಲು ಕೂರಿಸಿಕೊಳ್ಳಿ. ಕುಂಟಾಟಕ್ಕೆ, ಪಂಚಮಿಯ ಜೋಕಾಲಿಗೆ ಬಿಡಿ. 3-4 ವರ್ಷದವರಿಗೆ ದಿನಕ್ಕೆ 3 ತಾಸು ಓಡಾಟ ಬೇಕು, ಮೊಬೈಲ್-ಟಿವಿ 1 ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಈ ಸಲದ ಅಮಾವಾಸ್ಯೆಗೆ ಬಣ್ಣ ಬಳಿದ ಎತ್ತನ್ನು ಪೇಟೆಯಿಂದ ತಂದರೂ ತನ್ನಿ, ಒಂದು ಮುದ್ದೆ ಮಣ್ಣನ್ನು ಮಗುವಿಗೂ ಕೊಡಿ. ಉಳಿದ ಮಣ್ಣು ಆಷಾಢದ ಮಂಗಳವಾರ ಪೂಜೆಯ ಗುಳ್ಳವ್ವನನ್ನು ಮಾಡಲಿಕ್ಕಾಗುತ್ತದೆ.