ಎಣ್ಣೆ, ಉಪವಾಸ, ಸಿರಿಧಾನ್ಯ: ಯಾವುದಕ್ಕೆ ತೂಕ ಇಳಿಯುತ್ತೆ?

ಕಳೆದ ತಿಂಗಳು ಕಲಬುರಗಿಯಿಂದ ಅಣ್ಣ ಫೋನ್ ಮಾಡಿದ್ದ. "ಆವಾಗ ನೀ ಎಣ್ಣಿ ಕುಡಿದು ಸಣ್ಣ ಆಗಿದ್ದೆಲ್ಲ, ಆ ಡಯಟ್ ನನಗೂ ಹೇಳೋ. ಶುಗರ್ ಗುಳಿಗಿ ಬಿಟ್ಟುಬಿಡ್ತೀನಿ." ಅಣ್ಣನಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ನನ್ನ ಡಯಟ್ ಕಥೆಯಲ್ಲಿ ಅರ್ಧ ಮಾತ್ರ ಅವನಿಗೆ ನೆನಪಿತ್ತು.

2018ರ ಸುಮಾರಿಗೆ ಎರಡೂ ತೆಲುಗು ರಾಜ್ಯಗಳಲ್ಲಿ ವೀರಮಾಚನೇನಿ ರಾಮಕೃಷ್ಣ ಅವರ 'ವಿಆರ್‌ಕೆ ಡಯಟ್' ಮನೆಮಾತಾಗಿತ್ತು. ಜೀಡಿಮೆಟ್ಲಾದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಅದೇ ಮಾತು. ಅನ್ನ, ರೊಟ್ಟಿ, ಸಕ್ಕರೆ ಬಂದ್. ದಿನಕ್ಕೆ 70ರಿಂದ 100 ಗ್ರಾಂ ಕೊಬ್ಬರಿ ಎಣ್ಣೆಯಂಥ ಕೊಬ್ಬು, ನಿಂಬೆಹಣ್ಣು, ನಾಲ್ಕು ಲೀಟರ್ ನೀರು. ನಾನೂ ಶುರು ಮಾಡಿದೆ. ಮೊದಲ ವಾರವೇ ಮೂರು ಕೆಜಿ ಇಳಿಯಿತು. ಮೂರು ತಿಂಗಳಲ್ಲಿ 88 ಇದ್ದವನು 78ಕ್ಕೆ ಬಂದೆ. ಊರಿಂದ ಬಂದ ಅವ್ವ ಮಾತ್ರ, "ಜೋಳದ ರೊಟ್ಟಿ ಬಿಟ್ಟು ಎಣ್ಣಿ ಕುಡಿಯಾಕ ನಿನಗೇನಾಗ್ಯಾದೋ?" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಹಬ್ಬ, ಮದುವೆ, ಲಾಕ್‌ಡೌನ್. 2020ರ ಕೊನೆಗೆ ನನ್ನ ತೂಕ 90!

ಮೊದಲ ವಾರ ಇಳಿದದ್ದರಲ್ಲಿ ಹೆಚ್ಚಿನದು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳು ಪಿಷ್ಟದ ದಾಸ್ತಾನನ್ನು ಗ್ಲೈಕೋಜನ್ ರೂಪದಲ್ಲಿ ಇಡುತ್ತವೆ. ಅದರ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಅನ್ನ, ರೊಟ್ಟಿ ಬಿಟ್ಟರೆ ದಾಸ್ತಾನೂ ಖಾಲಿ, ನೀರೂ ಖಾಲಿ. ಆಮೇಲೆ ಇಳಿಯುವುದು ನಿಜವಾದ ಕೊಬ್ಬು. ಆದರೆ ಅದು ಎಣ್ಣೆಯ ಮಹಿಮೆಯಲ್ಲ. ಹಸಿವು ಕಡಿಮೆಯಾಗಿ, ತಿನ್ನುವ ಬಗೆಗಳೂ ಕಡಿಮೆಯಾಗಿ, ಒಟ್ಟು ಕ್ಯಾಲೊರಿ ಇಳಿದಿರುತ್ತದೆ.

ನಮ್ಮ ಆಫೀಸಿನಲ್ಲಿ ಈಗ 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಎನ್ನುವವರೇ ಜಾಸ್ತಿ. ಇದೂ ಅದೇ ಲೆಕ್ಕ: ರಾತ್ರಿಯ ಚಿಪ್ಸ್, ಬಿರಿಯಾನಿ ತಪ್ಪುತ್ತದೆ. 2022ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಪ್ರಯೋಗ ಪ್ರಕಟವಾಯಿತು. ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಒಂದೇ. ಹೊತ್ತು ನೋಡಿ ಉಂಡವರು 8 ಕೆಜಿ ಇಳಿದರು, ಉಳಿದವರು 6.3. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ.

ಕೊಬ್ಬು ಬಿಡಬೇಕೋ, ಅನ್ನ ಬಿಡಬೇಕೋ? 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ನೋಡಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ, ಪಿಷ್ಟ ಕಡಿಮೆ ಮಾಡಿದವರು 6 ಕೆಜಿ ಇಳಿದರು. ಇಲ್ಲೂ ಗೆದ್ದವರಿಲ್ಲ. ಎರಡೂ ಗುಂಪಿನಲ್ಲಿ ಚೆನ್ನಾಗಿ ಇಳಿದವರೂ ಇದ್ದರು, ಏರಿದವರೂ ಇದ್ದರು.

ಇನ್ನು ಮೈಸೂರಿನ ಡಾ. ಖಾದರ್ ವಲಿ ಅವರಿಂದ ನಮ್ಮಲ್ಲೂ ಇಲ್ಲೂ ಜನಪ್ರಿಯವಾದ ಸಿರಿಧಾನ್ಯ. ನವಣೆ, ಸಾಮೆ, ಹಾರಕಗಳಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ. ಆದರೆ ಬೇಯಿಸುವ ಮುಂಚೆ 100 ಗ್ರಾಂ ತೂಗಿದರೆ, ಅಕ್ಕಿಯ ಹಾಗೆ ಅವುಗಳಲ್ಲೂ ಸುಮಾರು 350 ಕ್ಯಾಲೊರಿ. ನವಣೆ ಅಂತ ಎರಡು ತಟ್ಟೆ ಉಂಡರೆ ಲಾಭವಿಲ್ಲ.

ಹಾಗಾದರೆ ಅಣ್ಣನಿಗೆ ಏನು ಹೇಳಲಿ? ಆಸೆ ಸುಳ್ಳಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನ ಟೈಪ್ 2 ರೋಗಿಗಳಿಗೆ ಮೊದಲ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ಶೇ. 46 ಮಂದಿಗೆ ಔಷಧಿಯಿಲ್ಲದೆಯೇ ಸಕ್ಕರೆ ಹತೋಟಿಗೆ ಬಂತು. ಆದರೆ ಅದು ವೈದ್ಯಕೀಯ ನಿಗಾದಲ್ಲಿ ನಡೆದದ್ದು. ಕೆಲವು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಊಟ ಕಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತಾನಾಗಿಯೇ ಮಾತ್ರೆ ಬಿಟ್ಟರೆ ಅಪಾಯ ಇನ್ನೊಂದು ಕಡೆಯಿಂದ.

ಅದಕ್ಕೆ ಅಣ್ಣನಿಗೆ ಹೇಳಿದೆ: "ಮೊದಲು ಡಾಕ್ಟರ್ ಹತ್ರ ಹೋಗು. ನನ್ನ ಡಯಟ್ ಕೇಳಬೇಡ. ಐದು ವರ್ಷ ನಡೆಸಬಹುದಾದ ಊಟ ಯಾವುದು ಅಂತ ಯೋಚಿಸು." ನಾನೀಗ ತಿನ್ನುವುದು ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ತಟ್ಟೆಯ ಅರ್ಧ ಪುಂಡಿ ಪಲ್ಯವೋ ಸೌತೆಕಾಯಿಯೋ. ಒಂದೂವರೆ ವರ್ಷದಲ್ಲಿ ಇಳಿದದ್ದು ಏಳೇ ಕೆಜಿ, ಆದರೆ ತಿರುಗಿ ಏರಿಲ್ಲ.

ಹೋದ ವಾರ ಅಣ್ಣ ಮತ್ತೆ ಫೋನ್ ಮಾಡಿದ್ದ. ಡಾಕ್ಟರ್ ಊಟದ ಪಟ್ಟಿ ಬರೆದುಕೊಟ್ಟಿದ್ದಾರಂತೆ, ಮಾತ್ರೆ ಸದ್ಯಕ್ಕೆ ಹಾಗೇ ಇರಲಿ ಅಂದಿದ್ದಾರಂತೆ. "ರೊಟ್ಟಿ ಬಿಡಬ್ಯಾಡ ಅಂದಾರ, ಎಣಿಸಿ ತಿನ್ನು ಅಂದಾರ." ಹಿಂದಿನಿಂದ ಅವ್ವ ನಗುವುದು ಕೇಳಿಸಿತು.