ಡ್ರೋನ್ ಬಿದ್ದರೆ ನಷ್ಟ ಯಾರದು?

ಮದುವೆಯ ಚಿತ್ರ ತೆಗೆಯಲೆಂದು 2 ಕಿಲೋಗ್ರಾಂ ತೂಕದ ಡ್ರೋನ್ ಒಂದು ಚಪ್ಪರದ ಮೇಲೆ 30 ಮೀಟರ್ ಎತ್ತರದಲ್ಲಿ ನಿಂತಿದೆಯೆಂದು ಭಾವಿಸೋಣ. ಅದರ ಮೋಟಾರು ಕೆಟ್ಟರೆ ಗತಿಯೇನು? ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ನೆಲವನ್ನು ಮುಟ್ಟುವಾಗ ಅದರ ವೇಗವು ಗಂಟೆಗೆ ಸುಮಾರು 87 ಕಿಲೋಮೀಟರ್. ಚಲನಶಕ್ತಿಯು ಸುಮಾರು 590 ಜೌಲ್. 4 ಕಿಲೋಗ್ರಾಂ ತೂಕದ ಹಲಸಿನ ಹಣ್ಣು 15 ಮೀಟರ್ ಎತ್ತರದಿಂದ ಬಿದ್ದರೆ ಇರುವ ಶಕ್ತಿಯೂ ಇಷ್ಟೆ. ಡ್ರೋನಿಗಾದರೋ ತಿರುಗುವ ಅಲಗುಗಳೂ ಉಂಟು.

ಈ ಪತನದಿಂದ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ಅತಿಥಿಯೊಬ್ಬನಿಗೆ ಗಾಯವಾಗಬಹುದು, ಅವನ ಕಾರಿನ ಗಾಜು ಒಡೆಯಬಹುದು. ಇದು ಪರರ ನಷ್ಟ. ಡ್ರೋನ್ ಮುರಿಯುವುದು ಒಡೆಯನ ಸ್ವಂತ ನಷ್ಟ. ವಿಮೆಯೂ ಇದಕ್ಕೆ ತಕ್ಕಂತೆ ಎರಡು ತೆರನಾಗಿದೆ.

ಭಾರತದ 2021ರ ಡ್ರೋನ್ ನಿಯಮಗಳು ಪರರ ನಷ್ಟದ ವಿಮೆಯನ್ನು, ಅಂದರೆ ಥರ್ಡ್ ಪಾರ್ಟಿ ವಿಮೆಯನ್ನು, ಕಡ್ಡಾಯಗೊಳಿಸಿವೆ. ಮೋಟಾರು ವಾಹನಗಳ ವಿಮೆಗೆ ಸಂಬಂಧಿಸಿದ 1988ರ ಕಾಯಿದೆಯ ವಿಧಿಗಳೇ ತಕ್ಕ ಮಾರ್ಪಾಡುಗಳೊಡನೆ ಇಲ್ಲಿಗೂ ಅನ್ವಯಿಸುತ್ತವೆ. ಆದರೆ ಈ ವಿಮೆಯಿಂದ ಮುರಿದ ಡ್ರೋನಿನ ಬಾಬ್ತು ಒಂದು ಕಾಸೂ ದೊರೆಯದು. ಅದಕ್ಕೆ ಸ್ವಂತ ಹಾನಿಯ ವಿಮೆಯನ್ನು ಬೇರೆಯಾಗಿ ಪಡೆಯಬೇಕು. ಅದು ಒಡೆಯನ ಇಚ್ಛೆಗೆ ಬಿಟ್ಟದ್ದು.

250 ಗ್ರಾಂ ಮೀರದ 'ನ್ಯಾನೋ' ಡ್ರೋನುಗಳಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿಯುಂಟು. ಅದೇ ಎತ್ತರದಿಂದ ಬಿದ್ದ ನ್ಯಾನೋ ಡ್ರೋನಿನ ಶಕ್ತಿಯು ನಮ್ಮ ಉದಾಹರಣೆಯ ಎಂಟನೆಯ ಒಂದು ಪಾಲು ಮಾತ್ರ. ಆದರೂ ಕಣ್ಣಿಗೆ ತಗುಲಿದರೆ ಅದು ಅಲ್ಪವಲ್ಲ. ವಿಮೆಯಿಂದ ವಿನಾಯಿತಿಯೆಂದರೆ ಹೊಣೆಯಿಂದ ವಿನಾಯಿತಿಯೆಂದು ತಿಳಿಯಲಾಗದು. ಅಜಾಗರೂಕತೆಯಿಂದ ಹಾನಿಯಾದಲ್ಲಿ ಪರಿಹಾರವನ್ನು ಒಡೆಯನು ಕೈಯಿಂದಲೇ ತೆರಬೇಕಾದೀತು.

ವಿಮೆಯಿದ್ದ ಮಾತ್ರಕ್ಕೆ ಹಣ ಬಂದೇ ಬರುವುದೆಂದೂ ಇಲ್ಲ. ಸ್ವಂತ ಹಾನಿಯ ಕರಾರುಗಳಲ್ಲಿ ಸಾಮಾನ್ಯವಾಗಿ ಸವಕಳಿಯೂ ಬ್ಯಾಟರಿಯ ಸಹಜ ಕ್ಷಯವೂ ಸೇರುವುದಿಲ್ಲ. ನಷ್ಟದ ಮೊದಲ ಒಂದಿಷ್ಟು ಭಾಗವನ್ನು ಒಡೆಯನೇ ಭರಿಸಬೇಕಾಗುತ್ತದೆ. ನೋಂದಣಿಯಿಲ್ಲದೆ, ಅಗತ್ಯವಾದ ಚಾಲಕ ಪ್ರಮಾಣಪತ್ರವಿಲ್ಲದೆ, ಅಥವಾ ಅನುಮತಿ ಪಡೆಯದೆ ಕೆಂಪು ವಲಯದಲ್ಲಿ ಹಾರಿಸಿದ್ದಾದರೆ ಕೇಳಿಕೆಯು ತಿರಸ್ಕೃತವಾಗುವ ಸಂಭವವಿದೆ. ಕ್ಯಾಮೆರಾ ಸೇರಿದೆಯೇ ಎಂಬುದನ್ನೂ ಕರಾರಿನಲ್ಲಿ ಓದಿ ನೋಡತಕ್ಕದ್ದು.

ಬೀಳುವ ವಸ್ತುವಿಗೆ ಗುರುತ್ವವು ಎಂದೂ ರಿಯಾಯಿತಿ ತೋರದು. ಆದುದರಿಂದ ಡ್ರೋನನ್ನು ಮೇಲಕ್ಕೇರಿಸುವ ಮೊದಲೇ ಕರಾರಿನ ಸಣ್ಣ ಅಕ್ಷರಗಳನ್ನು ಓದಿಕೊಳ್ಳುವುದು ಲೇಸು.