ನಿಲ್ಲಿಸುವ ವಿದ್ಯೆ ಸಿಕ್ಕ ಕತೆ

ಮುಳಗುಂದದ ಎರೆ ಹೊಲಗಳಿಂದ ಹತ್ತಿಯ ಅಂಡಿಗೆ ಹೇರಿಕೊಂಡು ಗದಗದ ಪೇಟೆಗೆ ಹೊರಡುತ್ತಿದ್ದ ಚಕ್ಕಡಿಗೆ ಏರಿನಲ್ಲಿ ಎಳೆಯುವವರೂ ಎತ್ತುಗಳೇ, ಇಳಿಜಾರಿನಲ್ಲಿ ತಡೆಯುವವರೂ ಎತ್ತುಗಳೇ. ಕಟ್ಟಿಗೆ ಗಾಲಿಯ ಹಳೆಯ ಚಕ್ಕಡಿಗಳಲ್ಲಿ ಹೆಚ್ಚಿನವಕ್ಕೆ ಸ್ಪ್ರಿಂಗೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಇಳಿಜಾರು ಬಂತೆಂದರೆ ಹೇರಿದ ಭಾರವೆಲ್ಲ ನೊಗದ ಮೂಲಕ ಎತ್ತಿನ ಹೆಗಲಿಗೆ ಬಂದು ನೂಕುತ್ತಿತ್ತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಈ ನೋವನ್ನು ಕಂಡರು. ಎತ್ತಿನ ಗಾಡಿಯ ಆಧುನೀಕರಣದ ಬಗ್ಗೆ ಅವರು ಸಿದ್ಧಪಡಿಸಿದ ವರದಿ 1979ರಲ್ಲಿ ಅದೇ ಸಂಸ್ಥೆಯಿಂದ ಹೊರಬಂತು. ಹಗುರಾಗಿ ಉರುಳುವ ಗಾಲಿ, ಹೆಗಲು ಕೆತ್ತದ ನೊಗ, ಇಳಿಜಾರಿನಲ್ಲಿ ಹಿಡಿಯುವ ಬ್ರೇಕು ಬೇಕೆಂದು ಅವರು ವರ್ಷಗಟ್ಟಲೆ ವಾದಿಸಿದರು.

ಓಡಿಸುವ ಶಕ್ತಿ ಮೊದಲು ಬರುತ್ತದೆ, ನಿಲ್ಲಿಸುವ ವಿದ್ಯೆ ಬಹಳ ತಡವಾಗಿ ಬರುತ್ತದೆ. ಚಕ್ಕಡಿಯ ಈ ಕೊರತೆಯೇ ಅಮೆರಿಕದ ಅತಿ ಬಲಶಾಲಿ ಕಾರುಗಳಲ್ಲೂ ಇತ್ತು. ಅದನ್ನು ನೀಗಿಸಿದ ದಾರಿ ಶುರುವಾಗುವುದು ಒಬ್ಬ ಚಮ್ಮಾರನ ಅಂಗಡಿಯಲ್ಲಿ.

1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ತಿಳಿಸದೆ, ಅವನೇ ಕಟ್ಟಿದ ಮೋಟಾರು ಗಾಡಿಯಲ್ಲಿ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರು ದಾಟುವ ದಾರಿ. ಇಳಿಜಾರುಗಳಲ್ಲಿ ಕಟ್ಟಿಗೆಯ ಬ್ರೇಕುಗಳು ಸವೆದುಹೋದಾಗ ಹಳ್ಳಿಯ ಚಮ್ಮಾರನ ಕೈಯಲ್ಲಿ ಅವುಗಳಿಗೆ ಚರ್ಮ ಹೊಡೆಸಿದಳು. ಬ್ರೇಕಿಗೆ ಲೈನಿಂಗ್ ಹಾಕಬೇಕೆಂಬ ಅರಿವು ಹುಟ್ಟಿದ್ದು ಹೀಗೆ, ನಡುದಾರಿಯ ತುರ್ತಿನಲ್ಲಿ.

ಸುಮಾರು ಒಂಬತ್ತು ವರ್ಷಗಳ ನಂತರ ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಇದನ್ನೇ ಇನ್ನೊಂದು ದಿಕ್ಕಿನಿಂದ ಕಂಡ. ಅಲ್ಲಿಯ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿಗೆ ಹಳೆಯ ಬೂಟು ಸಿಕ್ಕಿಸುತ್ತಿದ್ದುದನ್ನು ಅವನು ಗಮನಿಸಿದನೆಂದು ಹೇಳುತ್ತಾರೆ. ಬೂಟು ಹಿಡಿಯುತ್ತಿತ್ತು, ಆದರೆ ಬೇಗ ಸುಟ್ಟು ಸವೆಯುತ್ತಿತ್ತು. ಅವನು ಕೂದಲಿನ ನೇಯ್ಗೆ, ಆಮೇಲೆ ಹತ್ತಿಯ ನೇಯ್ಗೆಯ ಪಟ್ಟಿಗೆ ಅಂಟುದ್ರವ್ಯ ಕುಡಿಸಿ ಬ್ರೇಕಿಗೆ ಹೊಂದಿಸಿದ. ನಮ್ಮ ನೆಲದ ಮುಖ್ಯ ಬೆಳೆಯಾದ ಹತ್ತಿಯೇ ಮೋಟಾರು ಗಾಡಿಯ ಆರಂಭದ ಬ್ರೇಕುಗಳಲ್ಲಿ ದುಡಿಯಿತೆಂಬುದು ನನಗೆ ಹೆಮ್ಮೆಯ ವಿಷಯ. ಆದರೆ ಹತ್ತಿ ಹೆಚ್ಚು ಕಾವು ತಡೆಯಲಿಲ್ಲ. 1908ರಲ್ಲಿ ಫ್ರೂಡ್ ಕಲ್ನಾರಿಗೆ ಹೋದ.

ಇಲ್ಲಿಗೆ ಗುಟ್ಟಿನ ಅರ್ಧ ಬಯಲಾಗಿತ್ತು. ಬ್ರೇಕು ವೇಗವನ್ನು ಅಳಿಸುವುದಿಲ್ಲ, ಅದನ್ನು ಕಾವಾಗಿ ಬದಲಿಸುತ್ತದೆ. ಹಾಗಾಗಿ ಪ್ರಶ್ನೆ ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎನ್ನುವುದಕ್ಕಿಂತ, ಹುಟ್ಟಿದ ಕಾವು ಎಲ್ಲಿಗೆ ಹೋಗಬೇಕು ಎನ್ನುವುದು. ಉತ್ತರದ ಒಂದು ತುಣುಕನ್ನು ಫ್ರೆಡ್ರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಮಾಡಿಸಿದ್ದ: ಗಾಲಿಯೊಡನೆ ತಿರುಗುವ ಬಯಲು ತಟ್ಟೆಯನ್ನು ಎರಡು ಕಡೆಯಿಂದ ಹಿಡಿಯುವ ಡಿಸ್ಕ್ ಬ್ರೇಕು. ಆದರೆ ಅವನ ತಾಮ್ರದ ಹಿಡಿಕೆಗಳು ತಟ್ಟೆಗೆ ಉಜ್ಜಿ ಕಿರುಚುತ್ತಿದ್ದವು. ಅದೇ ವರ್ಷ ಲೂಯಿ ರೆನೋ ತಂದ ಡ್ರಮ್ ಬ್ರೇಕು ಗೆದ್ದಿತು. ಡ್ರಮ್ಮು ಧೂಳನ್ನು ಹೊರಗಿಡುತ್ತದೆ, ಅದರೊಳಗಿನ ಒತ್ತುವ ಪಟ್ಟಿ, ಅಂದರೆ ಶೂ, ತಿರುಗುವ ದಿಕ್ಕಿನಲ್ಲೇ ತನ್ನನ್ನು ತಾನೇ ಒತ್ತಿಕೊಂಡು ಕಡಿಮೆ ಬಲದಲ್ಲಿ ಹೆಚ್ಚು ಹಿಡಿಯುತ್ತದೆ. ದೋಷವೂ ಅಲ್ಲೇ ಇದೆ. ಕಾವು ಒಳಗೇ ಉಳಿಯುತ್ತದೆ, ಕಾದ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಪೆಡಲು ತುಳಿದರೂ ಗಾಡಿ ನಿಲ್ಲದು.

ಇದರ ಪರಿಣಾಮ ಎದ್ದು ಕಂಡದ್ದು 1964ರ ಪಾಂಟಿಯಾಕ್ ಜಿಟಿಓದಲ್ಲಿ. ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ದೊಡ್ಡ ಇಂಜಿನ್ ಕೂರಿಸಿದ ಆ ಕಾರಿನಿಂದ ‘ಮಸಲ್ ಕಾರು’ಗಳ ಯುಗ ಶುರುವಾಯಿತೆನ್ನುತ್ತಾರೆ. ಶಕ್ತಿ 325 ಅಶ್ವಬಲ, ತೂಕ ಸುಮಾರು 1,600 ಕಿಲೋ, ಬ್ರೇಕು ಮಾತ್ರ ನಾಲ್ಕೂ ಗಾಲಿಗಳಲ್ಲಿ 9.5 ಇಂಚಿನ ಸಾಧಾರಣ ಡ್ರಮ್ಮು. ಅಷ್ಟು ತೂಕದ ಕಾರು ಗಂಟೆಗೆ 100 ಕಿಲೋಮೀಟರಿನಿಂದ ನಿಂತಾಗ ಹುಟ್ಟುವ ಕಾವು 2 ಲೀಟರ್ ನೀರನ್ನು ಸಾಧಾರಣ ಬಿಸಿಯಿಂದ ಕುದಿಯುವ ಮಟ್ಟಕ್ಕೆ ತರಬಲ್ಲದು. ವೇಗ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. ಈ ಲೆಕ್ಕ ಗೊತ್ತಿದ್ದೂ ಇಂಜಿನ್ ಬೆಳೆಯಿತು, ಬ್ರೇಕು ಹಿಂದೆ ಬಿತ್ತು.

ಉತ್ತರ ಅಷ್ಟರಲ್ಲಿ ಯುರೋಪಿನಲ್ಲಿ ಸಿದ್ಧವಾಗಿತ್ತು. ಡನ್‌ಲಪ್ ಕಂಪನಿ ವಿಮಾನಗಳಿಗೆಂದು ಬೆಳೆಸಿದ್ದ ಡಿಸ್ಕ್ ಬ್ರೇಕನ್ನು ಜಾಗ್ವಾರ್ ತನ್ನ ಸಿ-ಟೈಪ್ ಕಾರಿಗೆ ಅಳವಡಿಸಿ ಪರೀಕ್ಷಿಸಿತು. ಬ್ರೇಕಿನ ದ್ರವ ಕುದಿಯುವಂಥ ತೊಂದರೆಗಳನ್ನು ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್ ಮೊದಲಾದವರು ಒಂದೊಂದಾಗಿ ಬಿಡಿಸಿದರು. 1953ರ ಲ ಮಾನ್ ಕಾರು ಓಟವನ್ನು ಅದೇ ಕಾರು ಗೆದ್ದಿತು, ಸರಾಸರಿ ವೇಗ ಅಲ್ಲಿ ಮೊದಲ ಬಾರಿ ಗಂಟೆಗೆ 100 ಮೈಲಿ ದಾಟಿತು. ಎರಡು ವರ್ಷಗಳ ನಂತರವೂ ಡ್ರಮ್ಮನ್ನೇ ನಂಬಿದ್ದ ಮರ್ಸಿಡಿಸ್, ಕಾರಿನ ಹಿಂದೆ ಗಾಳಿ ತಡೆಯುವ ದೊಡ್ಡ ರೆಕ್ಕೆ ಎತ್ತಿ ವೇಗ ಇಳಿಸಬೇಕಾಯಿತು. ಡಿಸ್ಕ್ ಬಯಲಲ್ಲಿ ತಿರುಗುತ್ತದೆ, ಕಾವು ಗಾಳಿಗೆ ಹೋಗುತ್ತದೆ, ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. 1955ರ ಸಿಟ್ರೊಯೆನ್ ಡಿಎಸ್ ಇದನ್ನು ಜನಸಾಮಾನ್ಯರ ರಸ್ತೆಗೆ ತಂದಿತು. ಜಿಟಿಓಗೆ ಮುಂಗಾಲಿಗಳ ಡಿಸ್ಕ್ ಸಿಕ್ಕಿದ್ದು 1967ರಲ್ಲಿ, ಅದೂ ಬೇಕೆಂದವರಿಗೆ ಮಾತ್ರ.

ಸಸ್ಪೆನ್ಷನ್ನಿನ ಕತೆಯೂ ಇದೇ ಬಗೆಯದು. 1930ರ ದಶಕದ ಆರಂಭದಲ್ಲಿ ಜನರಲ್ ಮೋಟರ್ಸ್‌ನ ಮಾರಿಸ್ ಒಲಿ, ತೂಕಗಳನ್ನು ಮುಂದೆ ಹಿಂದೆ ಸರಿಸಬಹುದಾದ ಕಾರೊಂದನ್ನು ಮಾಡಿಸಿದ. ಸವಾರಿಯ ಸುಖ ಅಳೆಯುವ ಉಪಕರಣ ಆಗ ಇರಲಿಲ್ಲ. ಕುಳಿತವರ ಮೈಯೇ ಉಪಕರಣ. ಅವನಿಗೆ ಸಿಕ್ಕ ಸತ್ಯ ಅಂದಿನ ನಂಬಿಕೆಗೆ ತಿರುಗುಮುರುಗು: ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿದ್ದರೆ, ಉಬ್ಬು ದಾಟಿದ ಹಿಂಭಾಗ ಬೇಗ ಓಲಾಡಿ ಮುಂಭಾಗವನ್ನು ಹಿಡಿಯುತ್ತದೆ, ಆಗ ಕಾರು ಮೂಗು ಕುಕ್ಕದೆ ಸಮನಾಗಿ ಏರಿಳಿಯುತ್ತದೆ. 1967ರ ಷೆವ್ರೊಲೆ ಕಮಾರೋದಲ್ಲಿ ಹಿಂದಿನ ಒಂಟಿ ಪ್ಲೇಟಿನ ಸ್ಪ್ರಿಂಗು ಜೋರಿನ ಎಳೆತಕ್ಕೆ ತಿರುಚಿ, ಹಿಂಗಾಲಿಗಳು ಕುಪ್ಪಳಿಸಿದವು. ಮರುವರ್ಷ ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಅಚ್ಚಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು ಕುಪ್ಪಳಿಸುವುದನ್ನು ತಗ್ಗಿಸಿದರು.

ಇಂದು ಹಳೆಯ ಕಾರನ್ನು ಎಬ್ಬಿಸಿ ನಿಲ್ಲಿಸುವವರು ಈ ದಾರಿಯನ್ನೇ ಮತ್ತೆ ನಡೆಯುತ್ತಾರೆ. ಮುಂದೆ ಡಿಸ್ಕ್ ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ. ಡ್ರಮ್ಮಿನಂತೆ ಡಿಸ್ಕ್ ತನ್ನನ್ನು ತಾನೇ ಒತ್ತಿಕೊಳ್ಳದ ಕಾರಣ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಬೇಕು. ಡ್ರಮ್ಮಿನ ಮಾಸ್ಟರ್ ಸಿಲಿಂಡರು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಅದನ್ನೇ ಉಳಿಸಿಕೊಂಡರೆ ಡಿಸ್ಕಿನ ಪ್ಯಾಡು ಬಿಡದೆ ಉಜ್ಜುತ್ತ ಕಾಯುತ್ತದೆ. ಹಿಂದಿನ ಗಾಲಿಗಳು ಮೊದಲು ಹಿಡಿದು ಕಾರು ತಿರುಗಿಬಿಡದಂತೆ ಬ್ರೇಕಿನ ಒತ್ತಡವನ್ನು ಹಂಚಬೇಕು. ಟೈರು ಹಳೆಯದಾದರೆ ಇಷ್ಟೆಲ್ಲ ವ್ಯರ್ಥ: ಬ್ರೇಕು ಗಾಲಿಯನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಟೈರು.

ನಮ್ಮ ಗದಗದ ಕೆಎ 26 ಫಲಕದ ಹಳೆಯ ಜೀಪು, ಅಂಬಾಸಡರ್, ಫಿಯಟ್‌ಗಳನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಗೆಳೆಯರಿಗೆ ನನ್ನ ಮಾತು ಇಷ್ಟೆ. ಇಂಜಿನ್ ಬದಲಿಸುವ ಮುನ್ನ ಬ್ರೇಕು, ಸ್ಪ್ರಿಂಗು, ಟೈರು ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮ ಮೂಲ ರೂಪವನ್ನೇ ಕೇಳುತ್ತದೆ. ಆದ್ದರಿಂದ ಪಾನಾ ಹಿಡಿಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಹಳೆಯ ಡ್ರಮ್ಮು ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಂದಲೂ ಗಾಳಿಯ ಪೈಪಿನಿಂದಲೂ ಊದಬೇಡಿ. ಅದರಲ್ಲಿ ಕಲ್ನಾರು ಇರಬಹುದು, ಅದರ ಎಳೆಗಳು ಶ್ವಾಸಕೋಶ ಹೊಕ್ಕರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ, ಮುಖಕ್ಕೆ ಸರಿಯಾದ ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳನ್ನು ದೂರ ಇಡಿ.